ಏಳಕ್ಕೆ ನಸುಕು

ಮೊದಲ ವಾರ ನನಗೇನೂ ತಿಳಿದಿರಲಿಲ್ಲ.
ಎದ್ದವಳೇ ಗುಂಡಿ ಒತ್ತುತ್ತಿದ್ದೆ, ಟಪ್ಪನೆ,
ಕಗ್ಗತ್ತಲ ಮೇಲೆ ನಡುಹಗಲು ಸುರಿದಂತೆ.
ಇಪ್ಪತ್ತಾರು ಕಾರ್ಡಿನಲ್ ಟೆಟ್ರಾಗಳು
ಗಾಜಿಗೆ ಮೂತಿ ಬಡಿದುಕೊಂಡು, ಬಿಳಿಚಿ,
ಬೇರಿನ ಹಿಂದೆ ಗುಂಪಾಗಿ ನಡುಗುತ್ತಿದ್ದವು.

ನಲವತ್ತೊಂದು ವರ್ಷ ಮೀನು ಕುಯ್ದವಳು ನಾನು,
ವರ್ಡೊ ದ್ವೀಪದ ಕಾರ್ಖಾನೆಯಲ್ಲಿ, ಟ್ಯೂಬ್‌ಲೈಟಿನ ಕೆಳಗೆ.
ಕಾಡ್ ಮೀನಿನ ಬೆನ್ನುಮೂಳೆ ಎಲ್ಲಿ ಬಾಗುತ್ತದೆಂದು
ಕಣ್ಣು ಮುಚ್ಚಿ ಹೇಳಬಲ್ಲೆ.
ಮೀನಿಗೆ ಬೆಳಗಾಗುವುದು ಹೇಗೆಂದು
ಯಾರೂ ನನ್ನನ್ನು ಕೇಳಿರಲಿಲ್ಲ.

ಕಲಿಸಿದವನು ಟೊರ್ಗೈರ್, ಕೆಳಗಿನ ಮನೆಯವ,
ದೀಪಸ್ತಂಭ ಕಾಯ್ದು ನಿವೃತ್ತನಾದವ.
ಟೈಮರಿನ ಡಬ್ಬಿ ಬಿಚ್ಚುತ್ತ ಅಂದ:
"ರಾಗ್ನಿ, ಹಡಗಿಗಾದರೆ ದೀಪ ಇದೆ, ಇಲ್ಲ. ಎರಡೇ ಮಾತು.
ಜೀವಕ್ಕೆ ಹಾಗಲ್ಲ. ನಡುವೆ ಏನಾದರೂ ಬೇಕು."

ಆ ನಡುವಿನದನ್ನು ಸಂಜೆಯೆಲ್ಲ ಕೂತು ಕಟ್ಟಿದೆವು.
ಏಳಕ್ಕೆ ನಸುಕು, ನೂರಕ್ಕೆ ಎರಡು ಪಾಲು ಬೆಳಕು, ಕೆಂಪು ತುಸು ಹೆಚ್ಚು.
ಮುಕ್ಕಾಲು ಗಂಟೆ ತೆವಳಿ ತೆವಳಿ ಹತ್ತಲಿ.
ಹನ್ನೊಂದರಿಂದ ಮೂರರವರೆಗೆ ಬಿಳಿಬಿಸಿಲು
("ಪೂರ್ತಿ ನೂರು ಬೇಡ, ಎಪ್ಪತ್ತು ಸಾಕು, ಪಾಚಿ ಕಟ್ಟುತ್ತದೆ").
ಆರೂಕಾಲಿಗೆ ಇಳಿತ, ಏಳಕ್ಕೆ ಕತ್ತಲು.
ಬೆಳದಿಂಗಳಿಗೂ ಒಂದು ಗುಂಡಿಯಿತ್ತು, ನೀಲಿ.
ತಿಂಗಳಿಗೆ ಎಂಟೇ ರಾತ್ರಿ ಎಂದು ನಾನು ಹಟ ಹಿಡಿದೆ.
ಅಮಾವಾಸ್ಯೆಯಿಲ್ಲದ ಚಂದ್ರನನ್ನು
ನಂಬುವುದಾದರೂ ಹೇಗೆ?

ಇವುಗಳ ಅಜ್ಜಿಯರ ಹೊಳೆ ರಿಯೊ ನೆಗ್ರೊ,
ಭೂಮಿಯ ಸೊಂಟದ ಹತ್ತಿರ.
ಅಲ್ಲಿ ಹಗಲೂ ಇರುಳೂ
ಸಮಪಾಲು ಮಾಡಿಕೊಂಡ ಅಣ್ಣತಮ್ಮಂದಿರು.
ನಮ್ಮಲ್ಲಿ ಅವರ ವ್ಯಾಜ್ಯ ಮುಗಿಯುವುದೇ ಇಲ್ಲ:
ನವೆಂಬರಿನ ಕೊನೆಗೆ ಮುಳುಗಿದ ಸೂರ್ಯ
ಎರಡು ತಿಂಗಳು ಮುಖ ತೋರಿಸುವುದಿಲ್ಲ;
ಮೇ ತಿಂಗಳ ನಡುವೆ ಬಂದು ಕೂತನೆಂದರೆ
ಜುಲೈವರೆಗೂ ಎದ್ದು ಹೋಗದ ನೆಂಟ.

ಆಗ ನನ್ನ ಕೆಲಸ ತಿರುವುಮುರುವು.
ಸಂಜೆ ಏಳಕ್ಕೆ ತೊಟ್ಟಿಗೆ ಕಂಬಳಿ ಹೊದಿಸಬೇಕು,
ಅಣ್ಣನ ದೋಣಿಯ ಬೂದು ಕಂಬಳಿ, ತೇಪೆಯ ಮೇಲೆ ತೇಪೆ.
ಆದರೂ ಒಂದು ತೂತಿನಿಂದ
ಮಧ್ಯರಾತ್ರಿಯ ಬಿಸಿಲು ಸೂಜಿಯಂತೆ ಇಳಿದು
ಒಂದೇ ಒಂದು ಮೀನಿನ ನಿದ್ದೆ ಕೆಡಿಸುತ್ತದೆ.
ಅಕ್ಕ ಫೋನಿನಲ್ಲಿ ನಗುತ್ತಾಳೆ:
"ನಿನ್ನ ಕಿಟಕಿಗೇ ಪರದೆಯಿಲ್ಲವಲ್ಲೇ."

ಹೋದ ಡಿಸೆಂಬರಿನ ಬಿರುಗಾಳಿಗೆ ತಂತಿ ಕಡಿದು
ಊರಿಗೆ ಊರೇ ಆರಿಹೋಯಿತು.
ಸಂಜೆ ಏಳಕ್ಕೆ ಕರೆಂಟು ಬಂದಾಗ
ಟೈಮರಿನಲ್ಲಿ ನಾಲ್ಕು ಸೊನ್ನೆ ಮಿಟುಕುತ್ತಿದ್ದವು.
ನೋಡದೆ ಮಲಗಿಬಿಟ್ಟೆ.

ರಾತ್ರಿ ಎರಡಕ್ಕೆ ಎಚ್ಚರ. ಗೋಡೆಯ ಮೇಲೆ ಕೆಂಪು,
ಸೀಗಡಿ ಬೇಯಲು ಶುರುವಾದಾಗಿನ ಬಣ್ಣ.
ತಪ್ಪು ಹೊತ್ತಿನ ಸೂರ್ಯೋದಯ,
ಆದರೆ ಒಂದು ನಿಮಿಷವೂ ಅವಸರ ಮಾಡಲಿಲ್ಲ.
ಒಂದೊಂದೇ ಮೀನು ಮೈಯ ನೀಲಿಗೆರೆ ಹೊತ್ತಿಸಿಕೊಂಡಿತು,
ಬೀದಿಯಲ್ಲಿ ಮನೆಗಳು ಏಳುವ ಹಾಗೆ.
ಕಾಫಿ ಕಾಯಿಸಿ ಅಲ್ಲೇ ಕೂತು ಕುಡಿದೆ.

ಒಮ್ಮೆಲೇ ತಿರುಗಿಸಬಾರದು.
ದಿನಕ್ಕೆ ಅರ್ಧ ಗಂಟೆಯಂತೆ ಹತ್ತು ದಿನ ಸರಿಸಿದೆ.
ಅಷ್ಟೂ ದಿನ ಗೋಡೆಗಡಿಯಾರ ಬಿಟ್ಟು
ಮೀನಿನ ಪಂಚಾಂಗದಲ್ಲೇ ಬದುಕಿದೆ,
ನಡುರಾತ್ರಿ ದಾಟಿ ತಿಂಡಿ, ಮಧ್ಯಾಹ್ನವೇ ಮುಸ್ಸಂಜೆ.
ಅಂಚೆಯವಳು ಬಾಗಿಲು ಬಡಿದು, "ಹುಷಾರಿಲ್ಲವೇ?" ಅಂದಳು.
"ಹುಷಾರಿದ್ದೇನೆ. ಹೊತ್ತು ಬೇರೆ, ಅಷ್ಟೇ."

ಜನವರಿಯಲ್ಲಿ ಸೂರ್ಯ ಪೂರ್ತಿ ಮೇಲೆದ್ದ ದಿನ
ಕೋಟೆಯಲ್ಲಿ ತೋಪು ಹಾರಿಸುತ್ತಾರೆ, ಶಾಲೆಗೆ ರಜೆ.
ನಾನೂ ಟೊರ್ಗೈರನೂ ಹಿಮ ತುಳಿದು ಹೋಗಿ ನಿಂತೆವು.
ಒಂದು ಕಿತ್ತಳೆಯಷ್ಟು ಬೆಳಕು,
ಅದಕ್ಕೆಷ್ಟು ಗದ್ದಲ. ಅವನ ಕಣ್ಣು ಒದ್ದೆಯಾಗಿತ್ತು.
ಗಾಳಿಗೆ, ಅಂದ.

ಮನೆಗೆ ಬಂದರೆ ತೊಟ್ಟಿಯಲ್ಲಿ ಎಂದಿನ ನಡುಹಗಲು.
ತೋಪಿನ ಅದುರಿಗೆ ಬೆದರಿದ್ದವೋ ಏನೋ,
ಬೇರಿನ ಹಿಂದಿನಿಂದ ಇಣುಕಿದವು.
"ಏನಿಲ್ಲ," ಅಂದೆ, ಕೋಟು ಬಿಚ್ಚುತ್ತ,
"ನಮ್ಮವನು ಬಂದ.
ನಿಮ್ಮವನು ಏಳಕ್ಕೆ ಹೋಗುತ್ತಾನೆ,
ಅದಕ್ಕೆ ಮುಂಚೆ ಉಂಡುಬಿಡಿ."